ಕಾಲೇಜಿನ ಸಂಗೀತ ಪತ್ರಿಕೆ ಮಾಡೋದು ಹೇಗೆ? ಖಾಲಿ ಹಾಳೆಯಿಂದ ಪ್ರೆಸ್ ತನಕ, ಪ್ರೆಸ್ಸಿಂದ ವರದಿ ತನಕ

“ಅಕ್ಕಾ, ಸಂಗೀತದ ಮೇಲೆ ಒಂದು ಪತ್ರಿಕೆ ಮಾಡ್ಬೇಕು. ಫೋಟೊಶಾಪ್ ಸ್ವಲ್ಪ ಬರುತ್ತೆ. ಎಲ್ಲಿಂದ ಶುರು ಮಾಡ್ಲಿ?”

ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಶಿವಮೊಗ್ಗದವರಿರಲಿ, ಸಾಗರದವರಿರಲಿ, ತೀರ್ಥಹಳ್ಳಿಯವರಿರಲಿ, ಪ್ರಶ್ನೆ ಮಾತ್ರ ಒಂದೇ. ಸ್ವಲ್ಪ ದಿನ ಬಿಟ್ಟು ಅವರೇ ಇನ್ನೊಂದು ಪ್ರಶ್ನೆ ಹಿಡಿದು ಬರುತ್ತಾರೆ: “ಪತ್ರಿಕೆ ಆಯ್ತು. ಈಗ ಅದನ್ನ ಹೇಗೆ ಮಾಡಿದ್ವಿ, ಏನು ಕಲಿತ್ವಿ ಅಂತ ವರದಿ ಬರೀಬೇಕಂತೆ. ಏನು ಬರೀಲಿ?” ಎರಡಕ್ಕೂ ಸೇರಿಸಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಕಲಿಯುವುದು ದೊಡ್ಡ ಕಷ್ಟವಲ್ಲ, ಯಾರಾದರೂ ತೋರಿಸಿಕೊಟ್ಟರೆ ಒಂದು ವಾರದಲ್ಲಿ ಕೈಗೆ ಬರುತ್ತದೆ. ಆದರೆ ಅದು ಹುಟ್ಟಿದ್ದು ಚಿತ್ರ ತಿದ್ದುವುದಕ್ಕೆ, ಅದಕ್ಕೆ ಮೊದಲು ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ. ನೀವು ಮಾಡಲು ಹೊರಟಿರುವುದು ಕನ್ನಡ ಪತ್ರಿಕೆ, ಅದೂ ಕಾಗದದ ಮೇಲೆ. ನಾನು ನೋಡಿದ ಮಟ್ಟಿಗೆ ಎಡವುವುದೆಲ್ಲ ಈ ಎರಡು ಕಡೆಯೇ: ಕನ್ನಡ ಅಕ್ಷರ ಮತ್ತು ಕಾಗದದ ಬಣ್ಣ. ಹಾಗಾಗಿ ಆ ಎರಡರ ಬಗ್ಗೆ ಜಾಸ್ತಿ ಬರೆದಿದ್ದೇನೆ. ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಏನೇನು ಬೇಕು

ಒಂದು ಕಂಪ್ಯೂಟರ್. ಫೋಟೊಶಾಪ್‌ಗೆ ದುಡ್ಡು ಕೊಡಬೇಕು. ಕಾಲೇಜಿನ ಲ್ಯಾಬಿನಲ್ಲಿದ್ದರೆ ಬಳಸಿಕೊಳ್ಳಿ. ಇಲ್ಲದಿದ್ದರೆ ಗಿಂಪ್ ಪೂರ್ತಿ ಉಚಿತ. ಫೋಟೊಪಿಯ ಬ್ರೌಸರಿನಲ್ಲೇ ಓಡುತ್ತದೆ, ಫೋಟೊಶಾಪ್ ಫೈಲನ್ನೂ ತೆರೆಯುತ್ತದೆ. ಉದ್ದದ ಲೇಖನಗಳನ್ನು ಪುಟಕ್ಕೆ ಕೂರಿಸಲು ಸ್ಕ್ರೈಬಸ್ ಹಾಕಿಕೊಳ್ಳಿ, ಅದೂ ಉಚಿತ. ಇಷ್ಟೆಲ್ಲ ಇರುವಾಗ ಕದ್ದ ಕಾಪಿಯ ಸಹವಾಸ ಯಾಕೆ?

ಇದರ ಜೊತೆಗೆ ಪೆನ್ಸಿಲ್, ಸ್ಕೇಲ್, ಸ್ಟೇಪ್ಲರ್ ಮತ್ತು ಒಂದಿಷ್ಟು ಎ4 ಹಾಳೆ. ಇದು ತಮಾಷೆಗೆ ಹೇಳಿದ್ದಲ್ಲ. ಮಳೆಗಾಲದಲ್ಲಿ ಕೆಲಸ ಮಾಡುವವರಾದರೆ ಯುಪಿಎಸ್ ಇರುವ ಕಂಪ್ಯೂಟರ್ ನೋಡಿಕೊಳ್ಳಿ. ಮಲೆನಾಡಿನಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಐದು ನಿಮಿಷಕ್ಕೊಮ್ಮೆ ಸೇವ್ ಮಾಡುವುದನ್ನು ಕೈಗೇ ಕಲಿಸಿಬಿಡಿ.

1. ಮೊದಲು ಡಮ್ಮಿ ಮಾಡಿ

ಡಮ್ಮಿ ಅಂದರೆ ಪತ್ರಿಕೆಯ ಖಾಲಿ ಮಾದರಿ. ನಾಲ್ಕು ಎ4 ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿ. 16 ಪುಟದ ಪುಟ್ಟ ಪುಸ್ತಕ ಆಯಿತು. ನಡುವೆ ಪಿನ್ ಹೊಡೆಯಿರಿ. ಪುಟಕ್ಕೆ ಸಂಖ್ಯೆ ಹಾಕಿ, ಯಾವ ಪುಟದಲ್ಲಿ ಏನು ಅಂತ ಪೆನ್ಸಿಲಿನಲ್ಲಿ ಬರೆಯಿರಿ.

ಈಗ ಪಿನ್ ಬಿಚ್ಚಿ ನೋಡಿ. 1ನೇ ಪುಟ ಮತ್ತು 16ನೇ ಪುಟ ಒಂದೇ ಹಾಳೆಯ ಒಂದೇ ಮೈಯಲ್ಲಿವೆ. ತೆರೆದು ಓದುವಾಗ ಪಕ್ಕಪಕ್ಕ ಬರುವ ಪುಟಗಳಲ್ಲಿ 8 ಮತ್ತು 9 ಮಾತ್ರ ಒಂದೇ ಹಾಳೆಯಲ್ಲಿವೆ, ಅದೇ ನಡುಪುಟ. ಎರಡು ಪುಟಕ್ಕೂ ಹಬ್ಬುವ ದೊಡ್ಡ ಫೋಟೊ ಇದ್ದರೆ ಅದಕ್ಕೆ ಸರಿಯಾದ ಜಾಗ ಇದು. ಬೇರೆ ಕಡೆ ಹಾಕಿದರೆ ಎಡ ಬಲ ಬೇರೆ ಬೇರೆ ಹಾಳೆಯಲ್ಲಿ ಅಚ್ಚಾಗಿ, ಹಾಡುವವರ ಮೂಗು ಒಂದು ಕಡೆ, ಬಾಯಿ ಇನ್ನೊಂದು ಕಡೆ ಆಗುವ ಸಾಧ್ಯತೆ ಇದೆ. ಪಿನ್ ಹೊಡೆಯುವ ಪತ್ರಿಕೆಯ ಪುಟ ಯಾವಾಗಲೂ ನಾಲ್ಕರ ಲೆಕ್ಕದಲ್ಲೇ ಇರಬೇಕು: 8, 12, 16, 20. “14 ಪುಟ ಆಯ್ತು, ಸಾಕಲ್ವಾ?” ಅಂತ ಕೇಳಬೇಡಿ. ಸಾಕಾಗುವುದಿಲ್ಲ.

ಓದುವವರು ಯಾರು ಅಂತ ಡಮ್ಮಿಯ ಮೊದಲ ಪುಟದಲ್ಲೇ ಒಂದು ಸಾಲು ಬರೆದಿಡಿ. “ಸಂಗೀತ ಇಷ್ಟ ಇರುವ ಎಲ್ಲರೂ” ಅನ್ನುವುದು ಉತ್ತರವಲ್ಲ. ಹಾಸ್ಟೆಲಿನಲ್ಲಿ ಕೂತು ಇಯರ್‌ಫೋನಿನಲ್ಲಿ ರ‍್ಯಾಪ್ ಕೇಳುವ ಹುಡುಗನಿಗೋ, ವಾರಕ್ಕೆರಡು ದಿನ ಸಂಗೀತ ಪಾಠಕ್ಕೆ ಹೋಗಿ ವರ್ಣ ಕಲಿಯುತ್ತಿರುವ ಹುಡುಗಿಗೋ? ಇಬ್ಬರಿಗೂ ಒಂದೇ ಪತ್ರಿಕೆ ಮಾಡಬಹುದು. ಆದರೆ ಮುಖಪುಟದಲ್ಲಿ ಯಾರನ್ನು ಕೂರಿಸುತ್ತೀರಿ ಅನ್ನುವುದು ಈ ಸಾಲಿನ ಮೇಲೆ ನಿಂತಿದೆ. ವರದಿ ಬರೆಯುವಾಗಲೂ ಇದೇ ಸಾಲು ಬೇಕಾಗುತ್ತದೆ.

ವಿಷಯಕ್ಕಂತೂ ನಮ್ಮ ಕಡೆ ಬರ ಇಲ್ಲ. ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ದಡದಲ್ಲಿ, ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆಗೆ, ಹೆಸರಾದ ಹೊಸಹಳ್ಳಿ ಇದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡಿಕೊಂಡು ಬರುವ ಅಂಟಿಗೆ ಪಂಟಿಗೆಯವರಿದ್ದಾರೆ. ಡೊಳ್ಳಿನವರಿದ್ದಾರೆ. ಸುಗಮ ಸಂಗೀತಕ್ಕೆ ಊರಿನ ಹೆಸರನ್ನೇ ತನ್ನ ಹೆಸರಿನ ಮುಂದೆ ಹೊತ್ತು ಹಾಡಿದ ಶಿವಮೊಗ್ಗ ಸುಬ್ಬಣ್ಣ ಇದ್ದರು. ಇಷ್ಟನ್ನು ಬಿಟ್ಟು, ಅಂತರ್ಜಾಲದಿಂದ ಇಳಿಸಿದ ಹೊರದೇಶದ ಗಾಯಕನ ಫೋಟೊ ಮುಖಪುಟಕ್ಕೆ ಹಾಕಿದರೆ ಅದನ್ನು ಮಾಡಲು ನೀವೇ ಬೇಕಿಲ್ಲ.

2. ಅಳತೆ ಹಾಕಿಕೊಳ್ಳಿ

ಸಾಫ್ಟ್‌ವೇರ್ ತೆರೆದ ಕೂಡಲೇ ಅದು ಅಳತೆ ಕೇಳುತ್ತದೆ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಪತ್ರಿಕೆಯ ಪುಟ ಎ4 ಅಳತೆಯದ್ದು ಅಂತ ಇಟ್ಟುಕೊಳ್ಳೋಣ, ಡಮ್ಮಿ ಅದರ ಅರ್ಧದಷ್ಟರ ಮಾದರಿ ಅಷ್ಟೇ. ಎ4 ಅಂದರೆ 210 × 297 ಮಿಲಿಮೀಟರ್. ನಾಲ್ಕೂ ಕಡೆ 3 ಮಿ.ಮೀ. ಸೇರಿಸಿ 216 × 303 ಅಂತ ಕೊಡಿ. ಈ ಹೆಚ್ಚುವರಿ ಅಂಚಿಗೆ ಬ್ಲೀಡ್ ಅನ್ನುತ್ತಾರೆ. ಕಟಿಂಗ್ ಮೆಷಿನ್ನಿನ ಅಲಗು ಒಂದೆರಡು ಮಿ.ಮೀ. ಆಚೀಚೆ ಆಗುತ್ತದೆ. ಬ್ಲೀಡ್ ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಹಾಗೆಯೇ ಅಕ್ಷರಗಳನ್ನು ಕಟಿಂಗ್ ಗೆರೆಯಿಂದ ಕನಿಷ್ಠ 8 ಮಿ.ಮೀ. ಒಳಗೇ ಇಡಿ.

ರೆಸಲ್ಯೂಶನ್ 300 ಕೊಡಿ. ಒಂದು ಇಂಚಿನಲ್ಲಿ 300 ಚುಕ್ಕಿ ಅಂತ ಅರ್ಥ. ಪುಟ 2551 × 3579 ಪಿಕ್ಸೆಲ್ ಆಗುತ್ತದೆ. ಕೆಲವು ಕಡೆ ತಾನಾಗಿ 72 ಇರುತ್ತದೆ, ನೋಡದೆ ಮುಂದೆ ಹೋಗುತ್ತೀರಿ. ಆಗ ಎ4 ಪುಟ ಬರೀ 595 × 842 ಪಿಕ್ಸೆಲ್. ಪರದೆಯ ಮೇಲೆ ಚೆನ್ನಾಗೇ ಕಾಣುತ್ತದೆ, ಪ್ರಿಂಟಿನಲ್ಲಿ ಕೆಸರು. ಕೊನೆಗೆ 72 ಅನ್ನು 300 ಮಾಡಿದರೆ ಸರಿಹೋಗುತ್ತೆ ಅಂದುಕೊಳ್ಳಬೇಡಿ. ತೆಳ್ಳಗಿನ ಸಾರಿಗೆ ನೀರು ಹಾಕಿದ ಹಾಗೆ, ಪ್ರಮಾಣ ಹೆಚ್ಚಾಗುತ್ತದೆ, ರುಚಿ ಬರುವುದಿಲ್ಲ.

3. ಫೋಟೊ ನೀವೇ ತೆಗೆಯಿರಿ

ಮೊಬೈಲ್ ಸಾಕು. ಆದರೆ ಫೋಟೊವನ್ನು ವಾಟ್ಸಾಪಿನಲ್ಲಿ ಸುಮ್ನೆ ಕಳಿಸಬೇಡಿ. ಅದು ಕುಗ್ಗಿಸಿ ಕಳಿಸುತ್ತದೆ. ಕುಗ್ಗಿ ಉದ್ದದ ಬದಿ 1600 ಪಿಕ್ಸೆಲ್‌ಗೆ ಬಂದರೆ 300ರ ಲೆಕ್ಕದಲ್ಲಿ ಹದಿಮೂರೂವರೆ ಸೆಂಟಿಮೀಟರ್ ಮಾತ್ರ. ಮುಖಪುಟ ತುಂಬುವುದಿಲ್ಲ. ‘ಡಾಕ್ಯುಮೆಂಟ್’ ಅಂತ ಆಯ್ಕೆ ಮಾಡಿ ಕಳಿಸಿ, ಅಥವಾ ಕೇಬಲ್ ಹಾಕಿ ನಕಲು ಮಾಡಿಕೊಳ್ಳಿ.

ಹಾಡುವವರ ಫೋಟೊದಲ್ಲಿ ಮೈಕು ದೊಡ್ಡ ಶತ್ರು. ಎದುರಿಗೆ ನಿಂತು ತೆಗೆದರೆ ಬಾಯಿ, ಗಲ್ಲ ಎರಡೂ ಮುಚ್ಚಿಹೋಗುತ್ತವೆ. ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಕಛೇರಿಯ ನಡುವೆ ಎದ್ದು ಓಡಾಡುವ ಬದಲು, ಮೊದಲೇ ಹೋಗಿ ಶ್ರುತಿ ಮಾಡಿಕೊಳ್ಳುವಾಗ ತೆಗೆಯಿರಿ. ತಂಬೂರಿಗೆ ಕಿವಿ ಕೊಟ್ಟ ಮುಖ, ಮೃದಂಗಕ್ಕೆ ಕಲ್ಲು ಹಿಡಿದು ಬಡಿಯುವ ಕೈ, ಇವು ಹಾಡುವಾಗಿನ ಫೋಟೊಗಿಂತ ಎಷ್ಟೋ ಚೆನ್ನಾಗಿ ಬರುತ್ತವೆ. ಗಮಕದ್ದು ಇನ್ನೂ ಬೇರೆ. ಒಬ್ಬರು ಕಾವ್ಯ ವಾಚಿಸುತ್ತಾರೆ, ಪಕ್ಕದವರು ವ್ಯಾಖ್ಯಾನ ಮಾಡುತ್ತಾರೆ. ನೋಡಲು ಇಬ್ಬರು ಕೂತಿರುವುದಷ್ಟೇ. ಅಲ್ಲಿ ವಾಚಿಸುವವರಿಗಿಂತ, ಅದನ್ನು ಕೇಳುತ್ತಾ ಮುಂದೆ ಏನು ಹೇಳಲಿ ಅಂತ ಕಾಯುತ್ತಿರುವ ವ್ಯಾಖ್ಯಾನಕಾರರ ಮುಖ ನೋಡಿ. ಫೋಟೊ ಅಲ್ಲಿದೆ.

ಎಚ್ಚರಿಕೆ: ಅಂತರ್ಜಾಲದಲ್ಲಿ ಸಿಕ್ಕ ಫೋಟೊ ನಿಮ್ಮದಲ್ಲ. ಹಾಡಿನ ಸಾಹಿತ್ಯವೂ ಅಷ್ಟೇ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ಹೋದದ್ದು 1994ರಲ್ಲಿ. ಅಂದರೆ 2054 ಮುಗಿಯುವ ತನಕ ಅವರ ಇಡೀ ಕವಿತೆಯನ್ನು ಅನುಮತಿ ಇಲ್ಲದೆ ಅಚ್ಚು ಹಾಕುವಂತಿಲ್ಲ. ವಿಮರ್ಶೆಯ ಮಧ್ಯೆ ಎರಡು ಸಾಲು ಎತ್ತಿ ಮಾತಾಡುವುದು ಬೇರೆ, ಪುಟ ತುಂಬಿಸಲು ಹಾಡನ್ನೇ ಹಾಕುವುದು ಬೇರೆ.

4. ಬಣ್ಣ ತಿದ್ದುವುದು

ಪರದೆ ಬಣ್ಣ ತೋರಿಸುವುದು ಬೆಳಕಿನಿಂದ: ಕೆಂಪು, ಹಸಿರು, ನೀಲಿ. ಇದಕ್ಕೆ ಆರ್‌ಜಿಬಿ ಅನ್ನುತ್ತಾರೆ. ಪ್ರೆಸ್ಸು ತೋರಿಸುವುದು ಶಾಯಿಯಿಂದ: ತಿಳಿನೀಲಿಯಂಥ ಸಯಾನ್, ಗುಲಾಬಿಯಂಥ ಮೆಜೆಂಟಾ, ಹಳದಿ, ಕಪ್ಪು. ಇದು ಸಿಎಂವೈಕೆ. ಬೆಳಕಿನಲ್ಲಿ ಇರುವ ಎಲ್ಲ ಬಣ್ಣ ಶಾಯಿಯಲ್ಲಿ ಇಲ್ಲ.

ಕಾಲೇಜು ಹಬ್ಬದ ವೇದಿಕೆಯ ಎಲ್‌ಇಡಿ ದೀಪಗಳನ್ನು ನೆನಪಿಸಿಕೊಳ್ಳಿ. ಕಣ್ಣು ಕೋರೈಸುವ ನೀಲಿ, ನೇರಳೆ. ಮೊಬೈಲಿನಲ್ಲಿ ಫೋಟೊ ಬೆಂಕಿ! ಅದೇ ಪ್ರಿಂಟಿನಲ್ಲಿ ಬಾಡಿದ ಬದನೆಕಾಯಿ ಬಣ್ಣ. ಇದು ಪ್ರೆಸ್ಸಿನವರ ತಪ್ಪಲ್ಲ, ಆ ನೀಲಿಯನ್ನು ನಾಲ್ಕು ಶಾಯಿ ಸೇರಿ ಮಾಡಲಾರವು. ಫೋಟೊಶಾಪ್‌ನಲ್ಲಿ ವ್ಯೂ ಮೆನುವಿನ ‘ಪ್ರೂಫ್ ಕಲರ್ಸ್’ ಒತ್ತಿ ಮೊದಲೇ ನೋಡಿಕೊಳ್ಳಿ, ‘ಗ್ಯಾಮಟ್ ವಾರ್ನಿಂಗ್’ ಒತ್ತಿದರೆ ಶಾಯಿಗೆ ಸಿಗದ ಜಾಗಗಳೆಲ್ಲ ಬೂದು ಬಣ್ಣದಲ್ಲಿ ಕಾಣುತ್ತವೆ. ಗಿಂಪ್‌ನಲ್ಲೂ ‘ಸಾಫ್ಟ್ ಪ್ರೂಫ್’ ಇದೆ. ಅಂಥ ಫೋಟೊಗಳಿಗೆ ನನ್ನ ಮದ್ದು ಒಂದೇ: ಕಪ್ಪು ಬಿಳುಪು ಮಾಡಿಬಿಡಿ. ಬಣ್ಣ ಉಳಿಸಲು ಗಂಟೆಗಟ್ಟಲೆ ಗುದ್ದಾಡುವುದಕ್ಕಿಂತ ಇದು ಉತ್ತಮ. ಮುಖದ ಭಾವವೂ ಎದ್ದು ಬರುತ್ತದೆ.

ಇನ್ನೊಂದು ನಮ್ಮೂರಿನದೇ ತಾಪತ್ರಯ. ಅಡಿಕೆ ತೋಟದಲ್ಲಿ ನಿಲ್ಲಿಸಿ ಫೋಟೊ ತೆಗೆದರೆ ಮುಖ ಹಸಿರಾಗುತ್ತದೆ. ಎಲೆಯಿಂದ ಚೆಲ್ಲಿದ ಬೆಳಕು ಮೈಮೇಲೆ ಬಿದ್ದಿರುತ್ತದೆ. ಮಳೆಮೋಡದ ದಿನ ನೀಲಿ ಹೊಡೆಯುತ್ತದೆ. ಇದನ್ನು ತಿದ್ದಲು ‘ಲೆವೆಲ್ಸ್’ ಅಥವಾ ‘ಕರ್ವ್ಸ್’ನಲ್ಲಿ ನಡುವಿನ ಡ್ರಾಪರ್ (ಬಣ್ಣ ಹೀರುವ ಪುಟ್ಟ ನಳಿಕೆಯ ಗುರುತು) ಇರುತ್ತದೆ. ಫೋಟೊದಲ್ಲಿ ನಿಜವಾಗಿ ಬೂದು ಬಣ್ಣದ ವಸ್ತು ಯಾವುದು ಅಂತ ಅದಕ್ಕೆ ತೋರಿಸಬೇಕು. ಎಲ್ಲರೂ ಬಿಳಿ ಪಂಚೆ ಕಂಡ ಕೂಡಲೇ ಅದರ ಮೇಲೆ ಡ್ರಾಪರ್ ಇಡುತ್ತಾರೆ. ಪಂಚೆಗೆ ಮನೆಯಲ್ಲಿ ನೀಲಿ ಹಾಕಿ ಒಗೆದಿರುತ್ತಾರಲ್ಲ! ಸಾಫ್ಟ್‌ವೇರ್ ಆ ನೀಲಿಯನ್ನು ಕಳೆಯಲು ಹೋಗಿ ಇಡೀ ಫೋಟೊವನ್ನು ಅರಿಶಿನ ಮಾಡುತ್ತದೆ. ಸಿಮೆಂಟು ಗೋಡೆಯೋ ಮೈಕಿನ ಬೂದು ಜಾಲರಿಯೋ ಇದ್ದರೆ ಅದನ್ನು ತೋರಿಸಿ.

ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿಕೊಂಡು ಕೆಲಸ ಮಾಡಿ. ಪೂರ್ತಿ ಬೆಳಕಿನಲ್ಲಿ ತಿದ್ದಿದ ಫೋಟೊ ಪ್ರಿಂಟಿನಲ್ಲಿ ಕತ್ತಲಾಗಿ ಬರುತ್ತದೆ. ಮತ್ತು ಮೂಲ ಫೋಟೊದ ಮೇಲೆ ನೇರವಾಗಿ ತಿದ್ದಬೇಡಿ. ‘ಅಡ್ಜಸ್ಟ್‌ಮೆಂಟ್ ಲೇಯರ್’ ಹಾಕಿ. ಲೇಯರ್ ಅಂದರೆ ಪದರ. ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆ ಅಂದುಕೊಳ್ಳಿ. ಬೇಡ ಅನ್ನಿಸಿದರೆ ಆ ಗಾಜು ತೆಗೆದರಾಯಿತು, ಕೆಳಗಿನ ಫೋಟೊ ಹಾಗೇ ಇರುತ್ತದೆ.

ಪತ್ರಿಕೆಗೆಲ್ಲ ಸೇರಿ ಮೂರೋ ನಾಲ್ಕೋ ಬಣ್ಣ ಸಾಕು. ಯಾವುದು ಅಂತ ಗೊತ್ತಾಗದಿದ್ದರೆ ಸಾಗರ, ಸೊರಬದ ಕಡೆ ದೀವರ ಸಮುದಾಯದವರ ಮನೆಗೋಡೆಯ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಕಪ್ಪು, ಅಲ್ಲಲ್ಲಿ ಹಳದಿ. ಈ ನಾಲ್ಕೂ ಶಾಯಿಯಲ್ಲಿ ಸೊಗಸಾಗಿ ಬರುತ್ತವೆ. ಚಿತ್ತಾರದ ಫೋಟೊವನ್ನೇ ಬಳಸುವುದಾದರೆ ಬರೆದವರನ್ನು ಕೇಳಿ, ಅವರ ಹೆಸರು ಹಾಕಿ. ‘ಜಾನಪದ ಕಲೆ’ ಅಂತ ಬರೆದು ಕೈತೊಳೆದುಕೊಳ್ಳಬೇಡಿ.

5. ಕನ್ನಡ ಅಕ್ಷರ

ಇಲ್ಲಿ ನಿಧಾನಕ್ಕೆ ಓದಿ. ಅರ್ಧಕ್ಕರ್ಧ ಪ್ರಶ್ನೆ ಬರುವುದು ಇದರ ಬಗ್ಗೆಯೇ.

ಮೊದಲನೆಯದು, ಒತ್ತು ಒಡೆಯುವುದು. ಹಳೆಯ ಫೋಟೊಶಾಪ್‌ನಲ್ಲಿ ‘ಶ್ರುತಿ’ ಅಂತ ಟೈಪ್ ಮಾಡಿದರೆ ‘ಶ್‌ರುತಿ’ ಅಂತ ಬರುತ್ತದೆ. ಫಾಂಟ್ ಕೆಟ್ಟಿದೆ ಅಂದುಕೊಂಡು ಹತ್ತು ಫಾಂಟ್ ಬದಲಾಯಿಸುತ್ತೀರಿ. ಕೆಟ್ಟಿರುವುದು ಫಾಂಟ್ ಅಲ್ಲ. ಪ್ರಿಫರೆನ್ಸಸ್‌ಗೆ ಹೋಗಿ, ‘ಟೈಪ್’ ಅನ್ನುವಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆಯ್ಕೆ ಮಾಡಿ. ಇನ್ನೂ ಹಳೆಯ ಆವೃತ್ತಿಯಲ್ಲಿ ಇದರ ಹೆಸರು ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಅಂತ ಇರುತ್ತದೆ. ಸಾಫ್ಟ್‌ವೇರ್ ಮುಚ್ಚಿ ತೆರೆದು, ಹೊಸ ಫೈಲಿನಲ್ಲಿ ಟೈಪ್ ಮಾಡಿ ನೋಡಿ. ಆಗಲೇ ತೆರೆದಿದ್ದ ಫೈಲಿನಲ್ಲಿ ತಾನಾಗಿ ಸರಿಹೋಗುವುದಿಲ್ಲ. ಹೊಸ ಆವೃತ್ತಿಗಳಲ್ಲಿ ಈ ಕಾಟ ಕಡಿಮೆ. ಗಿಂಪ್‌ನಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಯಾವ ಫಾಂಟ್ ತಂದರೂ ಮೊದಲು ಈ ಸಾಲು ಟೈಪ್ ಮಾಡಿ ನೋಡಿ: ಶ್ರುತಿ, ಕೃತಿ, ಸ್ವರ, ವಾದ್ಯ, ಕಾರ್ಯಕ್ರಮ, ಜ್ಞಾನ, ಸ್ತ್ರೀ, ರಾಷ್ಟ್ರ, ಶಿವಮೊಗ್ಗ. ಇಷ್ಟು ಸರಿಯಾಗಿ ಬಂದರೆ ಉಳಿದದ್ದು ಬರುತ್ತದೆ.

ಎರಡನೆಯದು, ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿ ತಂದ ಲೇಖನ. ಡಿಟಿಪಿ ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು, ನಿಮ್ಮ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದು ಯುನಿಕೋಡ್ ಅಲ್ಲ, ಅಷ್ಟೇ. ಯುನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಖ್ಯೆ ಇರುವ ಪದ್ಧತಿ. ಪರಿವರ್ತಕ ಸಿಗುತ್ತದೆ, ಹಾಕಿ ಬದಲಾಯಿಸಿ. ಬದಲಾಯಿಸಿದ ಮೇಲೆ ಪೂರ್ತಿ ಓದಿ, ಅರ್ಕಾವತ್ತು ಇರುವ ಪದಗಳನ್ನಂತೂ ಎರಡು ಸಲ ನೋಡಿ.

ಫಾಂಟಿನ ಆಯ್ಕೆ: ಒಳಗಿನ ಬರಹಕ್ಕೆ ನೋಟೊ ಸೆರಿಫ್ ಕನ್ನಡ ಅಥವಾ ಟಿರೊ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ. ಇವು ಉಚಿತ, ಅಚ್ಚಿಗೂ ಧಾರಾಳವಾಗಿ ಬಳಸಬಹುದು. ಎರಡಕ್ಕಿಂತ ಜಾಸ್ತಿ ಫಾಂಟ್ ಬೇಡ. ಫಾಂಟಿಗೆ ದಪ್ಪ ರೂಪ ಇಲ್ಲದಾಗ ‘ಫೋ ಬೋಲ್ಡ್’ ಗುಂಡಿ ಒತ್ತಬೇಡಿ. ಅದು ಅಕ್ಷರದ ಸುತ್ತ ಸುಮ್ನೆ ಮಸಿ ಬಳಿಯುತ್ತದೆ, ‘ಷ’ದ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಅಕ್ಷರಗಳ ನಡುವಿನ ಅಂತರವನ್ನೂ (ಟ್ರ್ಯಾಕಿಂಗ್ ಅನ್ನುತ್ತಾರೆ) ಎಳೆಯಬೇಡಿ. ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ ಆಗುತ್ತದೆ.

ಸಾಲಿನ ಅಂತರ ಧಾರಾಳವಾಗಿರಲಿ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವ ಅಕ್ಷರ ಕೆಲವೇ. ನಮ್ಮಲ್ಲಿ ಕೆಳಗೆ ಒತ್ತು, ಮೇಲೆ ಗುಡಿಸು, ಎತ್ವ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಓದುವವರಿಗೆ ಹಿಂಸೆ. ನಾನು 11 ಪಾಯಿಂಟಿನ ಅಕ್ಷರಕ್ಕೆ 17 ಪಾಯಿಂಟಿನ ಸಾಲು ಕೊಡುತ್ತೇನೆ.

ಇನ್ನು ಮುಖಪುಟದ ಹೆಸರು. ಇದಕ್ಕೆ ಮಾಸ್ಟ್‌ಹೆಡ್ ಅನ್ನುತ್ತಾರೆ. ಇಂಗ್ಲಿಷ್ ಸಂಗೀತ ಪತ್ರಿಕೆಗಳಲ್ಲಿ ನೋಡಿರುತ್ತೀರಿ: ಗಾಯಕನ ತಲೆ ಪತ್ರಿಕೆಯ ಹೆಸರಿನ ಮೇಲೆ ಸ್ವಲ್ಪ ಹತ್ತಿರುತ್ತದೆ, ಎರಡು ಅಕ್ಷರ ಅರ್ಧ ಮುಚ್ಚಿದರೂ ಹೆಸರು ಓದಲು ಬರುತ್ತದೆ. ಎಲ್ಲರಿಗೂ ಇದನ್ನು ಮಾಡುವ ಆಸೆ. ಮಾಡಿ, ಆದರೆ ಕನ್ನಡದಲ್ಲಿ ಇದು ಬೇರೆ ಲೆಕ್ಕ. ನಿಮ್ಮ ಪತ್ರಿಕೆಯ ಹೆಸರು ‘ಶ್ರುತಿ’ ಅಂತ ಇಟ್ಟುಕೊಳ್ಳಿ. ತಲೆ ಬರುವುದು ಕೆಳಗಿನಿಂದ. ಅದು ಮೊದಲ ಅಕ್ಷರದ ಕೆಳಗೆ ಬಂದರೆ ರ-ಒತ್ತು ಮುಚ್ಚುತ್ತದೆ. ಉಳಿಯುವುದು ‘ಶುತಿ’! ಅದೇ ತಲೆಯನ್ನು ಬಲಕ್ಕೆ ಸರಿಸಿ ‘ತಿ’ಯ ಕೆಳಗೆ ತನ್ನಿ. ಅಲ್ಲಿ ಒತ್ತಿಲ್ಲ, ಅಕ್ಷರದ ಕಾಲು ಸ್ವಲ್ಪ ಮುಚ್ಚಿದರೂ ಹೆಸರು ಕೆಡುವುದಿಲ್ಲ. ಆದರೆ ಮೇಲಿನ ಗುಡಿಸಿನ ತನಕ ಏರಬಾರದು, ಏರಿದರೆ ‘ಶ್ರುತ’. ಎಲ್ಲಿ ಮುಚ್ಚಬಹುದು, ಎಲ್ಲಿ ಬಾರದು ಅನ್ನುವುದನ್ನು ನಿಮ್ಮ ಹೆಸರಿನ ಅಕ್ಷರಗಳೇ ಹೇಳುತ್ತವೆ. ಇಂಗ್ಲಿಷ್ ಟೆಂಪ್ಲೇಟು ಹೇಳುವುದಿಲ್ಲ. ಆ ಟೆಂಪ್ಲೇಟುಗಳಲ್ಲಿ ದೊಡ್ಡಕ್ಷರಗಳೆಲ್ಲ ಮೇಲೆ ಕೆಳಗೆ ಒಂದೇ ಗೆರೆಗೆ ನಿಂತಿರುತ್ತವೆ. ಅದರ ಜಾಗಕ್ಕೆ ಕನ್ನಡ ತುರುಕಿದರೆ ಒತ್ತುಗಳು ಕೆಳಗಿನ ಸಾಲಿನ ಮೇಲೆ ಕಾಲು ಚಾಚುತ್ತವೆ.

ಹೆಸರಿನ ಮಾತು ಬಂದಾಗ ಒಂದು ತಪ್ಪೊಪ್ಪಿಗೆ. ನಮ್ಮ ಮೊದಲ ಸಂಚಿಕೆಯ ಮುಖಪುಟದಲ್ಲಿ ‘ಶೃತಿ’ ಅಂತ ಅಚ್ಚಾಯಿತು. ಸರಿಯಾದದ್ದು ‘ಶ್ರುತಿ’. ನಾಲ್ಕು ಜನ ನೋಡಿದ್ದೆವು, ಯಾರಿಗೂ ಕಾಣಲಿಲ್ಲ. ಕಂಡಾಗ ಅಕ್ಷರ ಆಗಲೇ ಚಿತ್ರವಾಗಿ ಹೋಗಿತ್ತು. ‘ರಾಸ್ಟರೈಸ್’ ಅಂತ ಒಂದು ಆಜ್ಞೆ ಇದೆ. ಅದನ್ನು ಕೊಟ್ಟರೆ ಅಕ್ಷರ ಬರೀ ಚುಕ್ಕಿಗಳ ಚಿತ್ರ ಆಗುತ್ತದೆ, ಆಮೇಲೆ ತಿದ್ದಲು ಆಗುವುದಿಲ್ಲ. ಹಾಗಾಗಿ ಅಕ್ಷರದ ಲೇಯರನ್ನು ಕೊನೆಯ ತನಕ ಅಕ್ಷರವಾಗಿಯೇ ಇಡಿ. ಮುಖಪುಟದ ಪ್ರಿಂಟನ್ನು ಕನ್ನಡ ಮೇಷ್ಟ್ರೊಬ್ಬರಿಗೆ ತೋರಿಸಿ. ನಿಮ್ಮ ಸ್ನೇಹಿತರು ಫೋಟೊ ನೋಡುತ್ತಾರೆ, ಮೇಷ್ಟ್ರು ಅಕ್ಷರ ನೋಡುತ್ತಾರೆ.

6. ಮುಖಪುಟ ಜೋಡಿಸುವುದು

ಕೆಳಗಿನ ಲೇಯರ್ ಹಿನ್ನೆಲೆ, ಅದರ ಮೇಲೆ ಹೆಸರು, ಅದರ ಮೇಲೆ ಹಾಡುವವರ ಚಿತ್ರ, ಎಲ್ಲಕ್ಕಿಂತ ಮೇಲೆ ಒಳಗೇನಿದೆ ಅಂತ ಹೇಳುವ ಸಾಲುಗಳು. ಚಿತ್ರದ ಹಿನ್ನೆಲೆ ತೆಗೆಯಲು ರಬ್ಬರ್ ಬಳಸಬೇಡಿ, ಮಾಸ್ಕ್ ಬಳಸಿ. ರಬ್ಬರ್ ಅಳಿಸಿಹಾಕುತ್ತದೆ, ಮಾಸ್ಕ್ ಮರೆಮಾಡುತ್ತದೆ. ಮಾಸ್ಕಿನ ಮೇಲೆ ಕಪ್ಪು ಬಳಿದರೆ ಮರೆ, ಬಿಳಿ ಬಳಿದರೆ ಮತ್ತೆ ಪ್ರತ್ಯಕ್ಷ. ಕೂದಲಿನ ಅಂಚಿಗೆ ಮೆತ್ತನೆಯ ಬ್ರಷ್ ಹಿಡಿಯಿರಿ. ಜಡೆಗೆ ಮಲ್ಲಿಗೆ ಮುಡಿದಿದ್ದರೆ ಅದನ್ನು ತಾಳ್ಮೆಯಿಂದ ಕೈಯಲ್ಲೇ ಮಾಡಬೇಕು.

ಸಾಲುಗಳು ನಾಲ್ಕೈದು ಸಾಕು. ಹದಿನಾರು ಪುಟದ ಪತ್ರಿಕೆಗೆ ಹನ್ನೆರಡು ಸಾಲು ಯಾಕೆ? ಮುಖಪುಟ ಮುಗಿದ ಮೇಲೆ ಅದನ್ನು ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾಗಿಸಿ ನೋಡಿ. ಹೆಸರು ಓದಲು ಬರಬೇಕು, ಮುಖ ಗೊತ್ತಾಗಬೇಕು.

7. ಒಳಪುಟಗಳು

ಉದ್ದದ ಲೇಖನವನ್ನು ಫೋಟೊಶಾಪ್‌ನಲ್ಲಿ ಕಟ್ಟಬೇಡಿ. ಆಗುತ್ತದೆ, ಆದರೆ ಒಂದು ಪದ ಸೇರಿಸಿದರೆ ಮೂರು ಕಾಲಂ ಕೈಯಲ್ಲಿ ಸರಿಪಡಿಸಬೇಕು. ಅಕ್ಷರ ಚಿತ್ರವಾಗಿ ಹೋಗಿಬಿಟ್ಟರೆ ಅಂಚು ಮಸುಕು. ಫೋಟೊಗಳನ್ನು ಫೋಟೊಶಾಪ್‌ನಲ್ಲೋ ಗಿಂಪ್‌ನಲ್ಲೋ ತಿದ್ದಿ, ಪುಟವನ್ನು ಸ್ಕ್ರೈಬಸ್‌ನಲ್ಲಿ ಕಟ್ಟಿ. ಅಸೈನ್‌ಮೆಂಟಿನಲ್ಲಿ ಫೋಟೊ ಸಾಫ್ಟ್‌ವೇರನ್ನೇ ಬಳಸಬೇಕು ಅಂತ ಇದ್ದರೆ ಮುಖಪುಟ, ಪರಿವಿಡಿ, ನಡುಪುಟ ಇಷ್ಟನ್ನು ಅದರಲ್ಲಿ ಮಾಡಿ, ಸಾಕು. ಅಂಕಿಗಳನ್ನು ಕನ್ನಡದಲ್ಲಿ ಹಾಕುತ್ತೀರೋ ಇಂಗ್ಲಿಷಿನಲ್ಲೋ, ಮೊದಲೇ ತೀರ್ಮಾನಿಸಿ. ಎರಡನ್ನೂ ಬೆರೆಸಬೇಡಿ.

8. ಪ್ರೆಸ್ಸಿಗೆ ಕೊಡುವ ಮುನ್ನ

ಮೊದಲು ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿ, ಮುಖಪುಟ ಮತ್ತು ಒಂದು ಒಳಪುಟದ ಕಲರ್ ಪ್ರಿಂಟ್ ತೆಗೆಸಿ. ಬಣ್ಣ ಪ್ರೆಸ್ಸಿನಷ್ಟೇ ಬರುವುದಿಲ್ಲ, ಆದರೆ ಫೋಟೊ ಕತ್ತಲಾಗಿದೆಯಾ, ಅಕ್ಷರ ಸಣ್ಣದಾಯಿತಾ ಅನ್ನುವುದು ಗೊತ್ತಾಗುತ್ತದೆ. ಬಾಗಿಲ ಬಳಿ ಹಗಲು ಬೆಳಕಿನಲ್ಲಿ ನೋಡಿ, ಟ್ಯೂಬ್‌ಲೈಟಿನಡಿ ಅಲ್ಲ.

ಕಪ್ಪು ಅಕ್ಷರ ಬರೀ ಕಪ್ಪು ಶಾಯಿಯಲ್ಲೇ ಇರಬೇಕು. ಸಿಎಂವೈಕೆಯಲ್ಲಿ 0, 0, 0, 100. ಆರ್‌ಜಿಬಿಯ ಕಪ್ಪನ್ನು ಹಾಗೇ ಪರಿವರ್ತಿಸಿದರೆ ಅದು ನಾಲ್ಕೂ ಶಾಯಿಯ ಮಿಶ್ರಣ ಆಗುತ್ತದೆ. ಒಂದು ಶಾಯಿ ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು. ಒತ್ತಕ್ಷರಗಳಂತೂ ಓದಲು ಬರುವುದಿಲ್ಲ. ಇದೇ ಕಾರಣಕ್ಕೆ ಗಾಢ ಬಣ್ಣದ ಮೇಲೆ ಸಣ್ಣ ಬಿಳಿ ಅಕ್ಷರ ಬೇಡ.

ಪಿಡಿಎಫ್ ಮಾಡುವಾಗ ಫಾಂಟ್‌ಗಳು ಅದರೊಳಗೇ ಸೇರಿರಲಿ. ಪುಟಗಳನ್ನು 1ರಿಂದ 16ರ ತನಕ ಸರದಿಯಲ್ಲೇ ಬಿಡಿಬಿಡಿಯಾಗಿ ಕೊಡಿ. ಹಾಳೆಗೆ ತಕ್ಕ ಹಾಗೆ ಜೋಡಿಸುವ ಕೆಲಸ ಪ್ರೆಸ್ಸಿನವರದ್ದು, ನೀವೇ ಜೋಡಿಸಿ ಕೊಟ್ಟರೆ ಅವರು ಮತ್ತೆ ಬಿಚ್ಚಬೇಕು. ಐವತ್ತೋ ನೂರೋ ಪ್ರತಿ ಆದರೆ ಡಿಜಿಟಲ್ ಪ್ರಿಂಟ್ ಸಾಕು. ಪ್ರತಿ ಜಾಸ್ತಿ ಇದ್ದರೆ ಆಫ್‌ಸೆಟ್ ಬಗ್ಗೆ ಕೇಳಿ. ಅಲ್ಲಿ ಒಂದೊಂದು ಶಾಯಿಗೂ ಒಂದೊಂದು ಪ್ಲೇಟ್ ಆಗಬೇಕು, ಆ ಖರ್ಚು ಪ್ರತಿಗಳ ಮೇಲೆ ಹಂಚಿಹೋಗಬೇಕು. ಒಳಪುಟಕ್ಕೆ 80 ಅಥವಾ 90 ಜಿಎಸ್‌ಎಂ ಮ್ಯಾಪ್ಲಿಥೋ (ಹೊಳಪಿಲ್ಲದ ಕಾಗದ), ಮುಖಪುಟಕ್ಕೆ 170ರ ಆರ್ಟ್ ಪೇಪರ್ (ನುಣುಪು ಲೇಪದ ಕಾಗದ) ಚೆನ್ನಾಗಿರುತ್ತದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಅಚ್ಚು ಹಾಕಿಸುವವರು ಎರಡು ದಿನ ಮುಂಚೆಯೇ ಕೊಡಿ. ತೇವಕ್ಕೆ ಕಾಗದ ಮುದುಡುತ್ತದೆ, ಆರ್ಟ್ ಪೇಪರ್ ಮೇಲಿನ ಶಾಯಿ ಬೇಗ ಒಣಗುವುದಿಲ್ಲ. ಅವಸರ ಮಾಡಿದರೆ ಒಂದು ಮುಖಪುಟದ ಬಣ್ಣ ಇನ್ನೊಂದರ ಬೆನ್ನಿಗೆ.

9. ವರದಿ

ಈ ಕೆಲಸ ಮೊದಲ ದಿನವೇ ಶುರುವಾಗಬೇಕು. ಪ್ರತಿ ದಿನದ ಕೆಲಸ ಮುಗಿದಾಗ ಫೈಲನ್ನು ಹೊಸ ಹೆಸರಿನಲ್ಲಿ ಇಡಿ: ಮುಖಪುಟ 1, ಮುಖಪುಟ 2, ಹೀಗೆ. ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಅಂತ ಇಡಬೇಡಿ. ಪರದೆಯ ಒಂದು ಚಿತ್ರ ತೆಗೆದಿಡಿ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ: ಇವತ್ತು ಏನು ಬದಲಾಯಿಸಿದೆ, ಯಾಕೆ.

ಅಧ್ಯಾಪಕರು ಸಾಮಾನ್ಯವಾಗಿ ಕೇಳುವುದು ಇಷ್ಟು. ಪತ್ರಿಕೆ ಯಾರಿಗಾಗಿ? ಬೇರೆ ಸಂಗೀತ ಪತ್ರಿಕೆಗಳ ಯಾವ ರೂಢಿಯನ್ನು ಪಾಲಿಸಿದಿರಿ, ಯಾವುದನ್ನು ಬಿಟ್ಟಿರಿ? ಪತ್ರಿಕೆಯಲ್ಲಿ ಯಾವ ಜನ ಕಾಣುತ್ತಾರೆ, ಹೇಗೆ ಕಾಣುತ್ತಾರೆ? ಸಾಫ್ಟ್‌ವೇರಿನಿಂದ ಏನು ಕಲಿತಿರಿ? ಇಲ್ಲಿ ಬಹಳ ಜನ ಬರೆಯುವುದು ಹೀಗೆ: “ನಾನು ಲೇಯರ್ ಬಳಸಿದೆ, ಮಾಸ್ಕ್ ಬಳಸಿದೆ, ಇದರಿಂದ ನನ್ನ ಕೌಶಲ ಹೆಚ್ಚಾಯಿತು.” ಇದು ಸಾಮಾನಿನ ಪಟ್ಟಿ. ಹೀಗೆ ಬರೆಯಿರಿ: “ಮೊದಲ ಮುಖಪುಟದಲ್ಲಿ ಗಾಯಕಿಯ ತಲೆ ಪತ್ರಿಕೆಯ ಹೆಸರಿನ ಒತ್ತನ್ನು ಮುಚ್ಚಿತ್ತು. ಐವರಿಗೆ ತೋರಿಸಿದೆ, ಮೂವರು ಹೆಸರನ್ನು ತಪ್ಪಾಗಿ ಓದಿದರು. ಎರಡನೆಯದರಲ್ಲಿ ಚಿತ್ರವನ್ನು ಬಲಕ್ಕೆ ಸರಿಸಿದೆ. ಆಗ ಎಡಗಡೆ ಜಾಗ ಖಾಲಿಯಾಯಿತು, ಅಲ್ಲಿ ಸಾಲುಗಳನ್ನು ಇಟ್ಟೆ.” ಪಕ್ಕದಲ್ಲಿ ಎರಡೂ ಮುಖಪುಟದ ಚಿತ್ರ. ಕೆಟ್ಟದ್ದನ್ನು ತೋರಿಸಲು ನಾಚಿಕೆ ಬೇಡ. ಅದಿಲ್ಲದೆ ಒಳ್ಳೆಯದು ಯಾಕೆ ಒಳ್ಳೆಯದು ಅಂತ ಓದುವವರಿಗೆ ಗೊತ್ತಾಗುವುದು ಹೇಗೆ?

ಐವರಿಗೆ ತೋರಿಸಿದೆ ಅಂತ ಬರೆಯಬೇಕಾದರೆ ನಿಜವಾಗಿ ಐವರಿಗೆ ತೋರಿಸಿರಬೇಕು, ಅಲ್ವಾ? ಕ್ಯಾಂಟೀನಿನಲ್ಲಿ ಕೂತು ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಪತ್ರಿಕೆ ಕೈಗೆ ಕೊಟ್ಟು ಸುಮ್ಮನಿರಿ. ಯಾವ ಪುಟದಲ್ಲಿ ನಿಂತರು, ಯಾವುದನ್ನು ಮಗುಚಿ ಮುಂದೆ ಹೋದರು ಅಂತ ಗುರುತು ಹಾಕಿಕೊಳ್ಳಿ. “ಹೇಗಿದೆ?” ಅಂತ ಕೇಳಿದರೆ “ಸೂಪರ್” ಅನ್ನುತ್ತಾರೆ, ಅದರಿಂದ ವರದಿಗೆ ಏನೂ ಸಿಗುವುದಿಲ್ಲ.

ಕೊನೆಗೆ ಒಂದು ಫೋಲ್ಡರ್ ಮಾಡಿ. ಅದರಲ್ಲಿ ಲೇಯರ್ ಇರುವ ಮೂಲ ಫೈಲುಗಳು, ಮೂಲ ಫೋಟೊಗಳು, ಫಾಂಟ್‌ಗಳು, ಪ್ರೆಸ್ಸಿಗೆ ಕೊಟ್ಟ ಪಿಡಿಎಫ್, ಫೋಟೊದಲ್ಲಿರುವವರ ಹೆಸರು ಮತ್ತು ಒಪ್ಪಿಗೆ ಬರೆದ ಹಾಳೆಯ ಸ್ಕ್ಯಾನ್, ಇಷ್ಟೂ ಇರಲಿ. ಎರಡು ಕಡೆ ನಕಲು ಇಡಿ, ಒಂದು ನಿಮ್ಮ ಹತ್ತಿರ, ಒಂದು ವಿಭಾಗದ ಕಂಪ್ಯೂಟರಿನಲ್ಲಿ. ಮುಂದಿನ ವರ್ಷದವರು ಬಂದು “ಅಕ್ಕಾ, ಎಲ್ಲಿಂದ ಶುರು ಮಾಡ್ಲಿ?” ಅಂತ ಕೇಳಿದಾಗ ನೀವು ಆ ಫೋಲ್ಡರ್ ತೆರೆದು ತೋರಿಸಬಹುದು.